ಕೂಗು ಪರೀಕ್ಷೆ

ಆಫೀಸಿನಲ್ಲಿ ನನಗೆ ‘ಪೊರಕೆ’ ಎಂದು ಹೆಸರಿಟ್ಟಿದ್ದಾರೆ. ಎದುರಿಗೆ ಹೇಳುವ ಧೈರ್ಯ ಯಾರಿಗೂ ಇಲ್ಲ, ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಹೆಸರೇನೋ ಸರಿಯಾಗಿಯೇ ಇದೆ. ಕಂಪನಿಗಳು ತಮ್ಮ ವ್ಯವಹಾರವನ್ನೆಲ್ಲ ಕ್ಲೌಡ್‌ನಲ್ಲಿ, ಅಂದರೆ ಎಲ್ಲೋ ದೂರದ ಕಟ್ಟಡದ ಬಾಡಿಗೆ ಕಂಪ್ಯೂಟರುಗಳಲ್ಲಿ, ಇಡುತ್ತವೆ. ಅವು ಕೆಡದಂತೆ, ಕಳ್ಳರು ನುಗ್ಗದಂತೆ ಕಾಯುವುದು ನಮ್ಮ ಕೆಲಸ. ವಾರಸುದಾರರಿಲ್ಲದ ಸರ್ವರ್‌ಗಳನ್ನು ಹುಡುಕಿ ಗುಡಿಸುವುದು ನನ್ನ ಪಾಲಿಗೆ ಬಂದಿದೆ. ಯಾರೋ ಯಾವುದಕ್ಕೋ ಶುರುಮಾಡಿ ಮರೆತುಬಿಟ್ಟ ಸರ್ವರ್ ಎಂದರೆ ಚಿಲಕ ಹಾಕದ ಹಿತ್ತಿಲ ಬಾಗಿಲು.

ಗುಡಿಸುವ ವಿಧಾನ ಕಲಿಸಿದವರು ಮೇಷ್ಟ್ರು. ಪಾಠ ಹೇಳುವ ಮೇಷ್ಟ್ರಲ್ಲ, ನಮ್ಮ ತಂಡದ ಹಿರಿಯರು. ಅದಕ್ಕೆ ಅವರು ‘ಕೂಗು ಪರೀಕ್ಷೆ’ ಎನ್ನುತ್ತಿದ್ದರು. “ಯಾರದ್ದು ಅಂತ ಗೊತ್ತಾಗ್ಲಿಲ್ವಾ? ಸ್ವಿಚ್ ಆರಿಸಿಬಿಡಿ. ಬೇಕಾದವರು ಕೂಗ್ತಾರೆ. ಮೂವತ್ತು ದಿನ ಯಾರೂ ಕೂಗಲಿಲ್ಲ ಅಂದ್ರೆ ಬ್ಯಾಕಪ್ ಪ್ರತಿ ಸಮೇತ ಅಳಿಸಿ. ಕರುಣೆ ತೋರಿಸ್ಬೇಡಿ ತಂಗಿ, ಕಳ್ಳರಿಗೆ ನಿಮ್ಮ ಕರುಣೆನೇ ಏಣಿ.” ನನ್ನನ್ನು ತಂಗಿ ಎಂದು ಕರೆಯುತ್ತಿದ್ದ ಮನುಷ್ಯ ಅವರೊಬ್ಬರೇ.

ಅವರು ಹೊಟ್ಟೆಯ ಕಾಯಿಲೆಯಿಂದ ಮೂರು ತಿಂಗಳು ಆಸ್ಪತ್ರೆಯಲ್ಲಿದ್ದು ತೀರಿಕೊಂಡರು. ಮಾರನೆಯ ದಿನ ಆಫೀಸಿನ ಕಂಪ್ಯೂಟರಿನಲ್ಲಿದ್ದ ಅವರ ಖಾತೆಯನ್ನು ನಾನೇ ತೆಗೆದುಹಾಕಿದೆ. ಹೋದವರ ಖಾತೆ ಒಂದು ದಿನಕ್ಕಿಂತ ಹೆಚ್ಚು ಇರಬಾರದು ಎಂಬ ನಿಯಮವೂ ಅವರದೇ. ಕಣ್ಣೊರೆಸಿಕೊಂಡು ಗುಂಡಿ ಒತ್ತಿದೆ.

ನಾಲ್ಕು ತಿಂಗಳ ಮೇಲೆ ಗುಡಿಸುವ ಸರದಿ ಬಂದಾಗ ಒಂದು ಪುಟ್ಟ ಸರ್ವರ್ ಸಿಕ್ಕಿತು. ವಾರಸುದಾರರ ಜಾಗ ಖಾಲಿ. ಯಾವ ಗ್ರಾಹಕರದ್ದೂ ಅಲ್ಲ, ಕೆಟ್ಟರೆ ನಮಗೆ ತಿಳಿಸುವ ಕಾವಲೂ ಅದಕ್ಕಿಲ್ಲ. ಅದರ ಕೆಲಸದ ಏರಿಳಿತ ತೋರಿಸುವ ಗೆರೆ ನೋಡಿದರೆ ಬೆಳಿಗ್ಗೆ ಎಂಟಕ್ಕೆ, ಮಧ್ಯಾಹ್ನ ಒಂದಕ್ಕೆ, ಸಂಜೆ ಏಳಕ್ಕೆ ಒಂದೊಂದು ನಿಮಿಷ ಮೇಲೇಳುತ್ತದೆ, ಉಳಿದ ಹೊತ್ತೆಲ್ಲ ಮಲಗಿರುತ್ತದೆ. ದಿನಕ್ಕೆ ಮೂರೇ ಸಲ ಆಕಳಿಸುವ ಇಂಥ ಸೋಮಾರಿಯನ್ನು ನಾನು ಕಂಡಿಲ್ಲ ಎಂದು ಪಕ್ಕದವನಿಗೆ ತೋರಿಸಿ ನಕ್ಕೆ. ಇದು ಯಾರದ್ದು ಎಂದು ಆಫೀಸಿಗೆಲ್ಲ ಪತ್ರ ಹಾಕಿ, ಆರಿಸಿದೆ.

ಯಾರೂ ಕೂಗಲಿಲ್ಲ. ಮೂವತ್ತನೆಯ ದಿನ ಪ್ರತಿ ಸಮೇತ ಅಳಿಸಿ, ಮಧ್ಯಾಹ್ನದ ಊಟಕ್ಕೆ ಹೋದೆ.

ಮೂವತ್ತಾರನೆಯ ದಿನ ಮೇಷ್ಟ್ರ ಹೆಂಡತಿ ಬಂದರು. ಆಫೀಸಿನ ಮುಂಗೋಣೆಯ ಸೋಫಾದ ತುದಿಯಲ್ಲಿ, ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು.

“ಹೇಗಿದ್ದೀರಿ ಅತ್ತಿಗೆ?”

“ನಾನಿರಲಿ. ಅತ್ತೆಗೆ ಫೋನ್ ಬರ್ತಾ ಇಲ್ಲ.”

“ಯಾರ ಫೋನು?”

“ಅವರದು,” ಎಂದರು.

ನನಗೆ ಒಂದು ಕ್ಷಣ ಏನೂ ಅರ್ಥವಾಗಲಿಲ್ಲ. ಅವರೇ ತಡವರಿಸುತ್ತ ಹೇಳಿದರು. ಮೇಷ್ಟ್ರ ತಾಯಿಗೆ ಮರೆವು, ಜೊತೆಗೆ ಹೃದಯದ ಕಾಯಿಲೆ. ಮಗ ಹೇಳಿದರೆ ಮಾತ್ರ ಮಾತ್ರೆ ನುಂಗುವ ಹಟ. ಆಸ್ಪತ್ರೆ ಸೇರಿದಾಗ ಮೇಷ್ಟ್ರು ತಮ್ಮ ದನಿ ಹಿಡಿದಿಟ್ಟು, ದಿನಕ್ಕೆ ಮೂರು ಸಲ ತಾಯಿಗೆ ತಾನಾಗಿ ಫೋನ್ ಹೋಗುವಂತೆ ಮಾಡಿದ್ದರು. “ಅಮ್ಮಾ, ಊಟ ಆಯ್ತಾ? ಮಾತ್ರೆ ತಗೋ. ನಾನು ಕೆಲಸದಲ್ಲಿದೀನಿ.” ಸಾವಿನ ಸುದ್ದಿ ಹೇಳಿದರೆ ಮುದುಕಿ ಅಳುತ್ತಾರೆ, ಮರುದಿನ ಮರೆಯುತ್ತಾರೆ, ಮತ್ತೆ ಹೇಳಿದರೆ ಮತ್ತೆ ಮೊದಲಿನಿಂದ ಅಳುತ್ತಾರೆ. ಹೇಳುವುದನ್ನೇ ಬಿಟ್ಟರಂತೆ. ಫೋನ್ ಬರುತ್ತಿತ್ತು, ಮಾತ್ರೆ ಇಳಿಯುತ್ತಿತ್ತು.

ಎಂಟು, ಒಂದು, ಏಳು. ನಾನು ನಕ್ಕು ಆರಿಸಿದ ಸೋಮಾರಿ.

“ಮೊದಲೇ ಯಾಕೆ ಬರಲಿಲ್ಲ ನೀವು?” ಸಿಟ್ಟಿನಲ್ಲೇ ಕೇಳಿದೆ. ಸಿಟ್ಟು ನನ್ನ ಮೇಲೆ, ಬಿದ್ದದ್ದು ಅವರ ಮೇಲೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

“ಫೋನೇ ಕೆಟ್ಟಿದೆ ಅಂದ್ಕೊಂಡು ಹೊಸದು ತಂದೆ. ಆಮೇಲೆ ಗೊತ್ತಾಯ್ತು, ಇದು ಆಫೀಸಿನ ಕಂಪ್ಯೂಟರಿಂದ ಬರ್ತಿತ್ತು ಅಂತ. ಯಾರಿಗೂ ಹೇಳದೆ ಮಾಡಿದ್ರಲ್ಲ, ಬಾಯಿಬಿಟ್ರೆ ಅವರ ಹೆಸರು ಕೆಡುತ್ತೆ ಅಂತ ಸುಮ್ಮನಿದ್ದೆ. ಈಗ ಅತ್ತೆ ಕಾಲು ಊದಿಕೊಂಡಿದೆ. ಡಾಕ್ಟ್ರು ಹೆದರಿಸ್ತಿದಾರೆ. ಮತ್ತೆ ಹಚ್ಚಿಕೊಡ್ತೀರಾ?”

ಅಳಿಸಿಬಿಟ್ಟೆ ಎಂದು ಹೇಳಿದೆ. ಅವರಿಗೆ ಅರ್ಥವಾಗದೆ, “ಪರವಾಗಿಲ್ಲ, ನಾಳೆ ಹಚ್ಚಿ,” ಎಂದರು. ಎರಡನೆಯ ಸಲ ಬಿಡಿಸಿ ಹೇಳಬೇಕಾಯಿತು. 

ಮೇಷ್ಟ್ರ ಮೇಲೂ ಕೋಪ ಬಂತು. ವಾರಸುದಾರರ ಹೆಸರಿಲ್ಲದ ಸರ್ವರ್ ಇರಕೂಡದು ಎಂದು ನಮ್ಮ ತಲೆ ತಿಂದ ಮನುಷ್ಯ, ತಮ್ಮದಕ್ಕೆ ಬರೀ ತಮ್ಮ ಹೆಸರು ಹಾಕಿದ್ದರು, ತಾವಿಲ್ಲದಾಗ ನೋಡಿಕೊಳ್ಳಲು ಇನ್ನೊಬ್ಬರ ಹೆಸರಿಲ್ಲ. ನಾನು ಖಾತೆ ತೆಗೆದ ದಿನವೇ ಆ ಹೆಸರೂ ಅಳಿಸಿತ್ತು. ಊರವರ ಸರ್ವರ್‌ಗಳಿಗೆಲ್ಲ ಕಾವಲಿಟ್ಟವರು ತಾಯಿಯದಕ್ಕೆ ಇಟ್ಟಿರಲಿಲ್ಲ. ಹೇಳುವುದು ಆಚಾರ, ಮಾಡುವುದು ಅನಾಚಾರ! ಆದರೆ ಗುಂಡಿ ಒತ್ತಿದ್ದು ಅವರಲ್ಲ, ನಾನು. ಎರಡು ಸಲವೂ ನಾನೇ.

ಅವರ ದನಿ ಆಫೀಸಿನಲ್ಲಿ ಇನ್ನೊಂದೇ ಕಡೆ ಉಳಿದಿತ್ತು. ಯಾವುದಾದರೂ ಸರ್ವರ್ ಕೆಟ್ಟರೆ ಸರದಿಯಲ್ಲಿರುವವರಿಗೆ ಹೋಗುವ ಎಚ್ಚರಿಕೆಯ ಕರೆಯಲ್ಲಿ. ಬೇರೆ ದಾರಿ ಕಾಣದೆ, ಸಂಜೆ ಅತ್ತಿಗೆಯ ಜೊತೆ ಅವರ ಮನೆಗೆ ಹೋದೆ. ಮಗನ ದನಿ ಕಿವಿಗೆ ಬಿದ್ದರೆ ಸಾಕು, ಮಾತ್ರೆಯ ಮಾತು ನಾವು ಹೇಳೋಣ ಎಂದುಕೊಂಡಿದ್ದೆವು.

ಮುದುಕಿ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಹೊಸ ಫೋನನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಪಾದಗಳು ಚಪ್ಪಲಿಗೆ ಹಿಡಿಸದಷ್ಟು ಊದಿದ್ದವು. ಏಳು ಗಂಟೆಗೆ ಅತ್ತಿಗೆ ನೀರಿನ ಲೋಟ, ಮಾತ್ರೆ ಹಿಡಿದು ನಿಂತರು. ನಾನು ಅಡುಗೆಮನೆಯಿಂದ ಆ ಫೋನಿಗೆ ಎಚ್ಚರಿಕೆಯ ಕರೆ ಹೋಗುವಂತೆ ಮಾಡಿದೆ.

“ಏಳಿ, ಏನೋ ಕೆಟ್ಟಿದೆ. ಬೇಗ ಬನ್ನಿ. ನೋಡ್ಕೊಳ್ತೀನಿ ಅನ್ನೋರು ಒಂದು ಒತ್ತಿ.”

“ಮಗಾ!” ಮುದುಕಿಯ ಮುಖ ಅರಳಿತು. ಮರುಕ್ಷಣವೇ ಕುಂದಿತು. “ಏನಾಯ್ತು? ಎಲ್ಲಿದೀಯಾ?”

“ಅತ್ತೆ, ಮಾತ್ರೆ ತಗೋಬೇಕಂತೆ,” ಎಂದರು ಅತ್ತಿಗೆ.

“ಮಾತ್ರೆ ಹಾಳಾಗ್ಲಿ, ಮಗು ಕರೀತಿದೆ ಕಣೇ!”

ಒಂದು ಒತ್ತುವವರೆಗೂ ಆ ಕರೆ ನಿಲ್ಲುವುದಿಲ್ಲ. ಮೇಷ್ಟ್ರು ಹಾಗೆಯೇ ಮಾಡಿದ್ದರು. ಏಳಿ, ಏನೋ ಕೆಟ್ಟಿದೆ, ಬೇಗ ಬನ್ನಿ. ವಾರದಿಂದ ಎದ್ದಿರದ ಮುದುಕಿ ಗೋಡೆ ಹಿಡಿದು ಎದ್ದರು. ಲೋಟ ಉರುಳಿ ನೀರು ಚೆಲ್ಲಿತು. ನಾನು ಓಡಿಬಂದು ಕುರ್ಚಿಯ ಮೇಲೆ ಬಿದ್ದಿದ್ದ ಫೋನೆತ್ತಿ ಒಂದನ್ನು ಒತ್ತಿದೆ. ದನಿ ನಿಂತಿತು.

ಅಷ್ಟರಲ್ಲಿ ಮುದುಕಿ ಬರಿಗಾಲಲ್ಲೇ ಬಾಗಿಲು ತಲುಪಿದ್ದರು. ಚಿಲಕ ಎಟುಕದೆ ಎರಡೂ ಕೈಯಿಂದ ಬಾಗಿಲು ಬಡಿಯುತ್ತ ಮಗನನ್ನು ಕರೆಯತೊಡಗಿದರು. ಅತ್ತಿಗೆ ಹಿಂದಿನಿಂದ ಅವರನ್ನು ತಬ್ಬಿ ಹಿಡಿದಿದ್ದರು. ಬೀದಿಗೆಲ್ಲ ಕೇಳುವ ಹಾಗೆ ಕೂಗುತ್ತಿದ್ದರು ಮುದುಕಿ. ನಾನು ಸರ್ವರ್ ಅಳಿಸಿ ಆಗಲೇ ಆರು ದಿನವಾಗಿತ್ತು.