ಇಳಿಯುವ ಕೈ

ನಮ್ಮ ಗುವಾಸ್ಕಾದಲ್ಲಿ ಬೆಟ್ಟ ಹತ್ತಿದವರ ಹೆಸರು ಬೀದಿ ನಾಯಿಗೂ ಗೊತ್ತು. ಇಳಿದು ಬಂದವರ ಹೆಸರನ್ನು ಯಾರೂ ಕೇಳುವುದಿಲ್ಲ. ಸೈಕಲ್ಲೆಂದರೆ ಏರು, ಏರೆಂದರೆ ಮಾನ. ಇಳಿಜಾರು ದೇವರು ಪುಕ್ಕಟೆ ಕೊಟ್ಟದ್ದು ಎಂದು ನಂಬಿರುವ ಊರು ಇದು. ನನ್ನ ಗೆಳತಿ ಎದಿಲ್ಮಾ ಹರೆಯದಲ್ಲಿ ಹೆಂಗಸರ ತಂಡಕ್ಕೆ ಓಡಿಸಿ, ಏರಿನ ರಾಣಿ ಎನ್ನಿಸಿಕೊಂಡವಳು. ಅದೇ ಎದಿಲ್ಮಾ ಆಮೇಲೆ ಇಪ್ಪತ್ತು ವರ್ಷಕ್ಕೂ ಮೇಲೆ, ಹೂವಿನ ಕಂಪನಿಯ ಪ್ಲಾಸ್ಟಿಕ್ ಮಾಡಿನ ಕೆಳಗೆ, ನನ್ನ ಪಕ್ಕದ ಸಾಲಿನಲ್ಲಿ ಗುಲಾಬಿ ಕತ್ತರಿಸಿದಳು.

ದೂರದ ದೇಶಗಳಲ್ಲಿ ಫೆಬ್ರವರಿಯ ಒಂದು ದಿನ ಪ್ರೇಮಿಗಳಿಗೆಲ್ಲ ಒಟ್ಟಿಗೇ ಗುಲಾಬಿ ಬೇಕಾಗುತ್ತದೆ. ಆ ಒಂದು ದಿನಕ್ಕಾಗಿ ನಾವು ಉಣ್ಣುವುದನ್ನೂ ಉಚ್ಚೆಗೆ ಹೋಗುವುದನ್ನೂ ತಡೆದುಕೊಳ್ಳುತ್ತೇವೆ. ಒಂದು ದಂಟಿಗೆ ಒಂದು ಅಮುಕು. ಅಮುಕಿದ ಕತ್ತರಿ ತಾನಾಗಿ ಬಾಯಿ ತೆರೆಯುತ್ತದೆ, ಅದಕ್ಕೆ ಸ್ಪ್ರಿಂಗ್ ಇದೆ. ಕೈಗೆ ಇಲ್ಲ. ಎದಿಲ್ಮಾಳ ಬೆರಳುಗಳು ಮೊದಲು ಜುಮುಗುಟ್ಟಿದವು, ಆಮೇಲೆ ಉರಿದವು, ಕೊನೆಗೆ ಬಿಸಿ ತಣ್ಣಗೆ ಯಾವುದೂ ತಿಳಿಯದಂತೆ ಮರಗಟ್ಟಿದವು. ಬಲ ಮಣಿಕಟ್ಟನ್ನು ಕೊಯ್ದು ಹೊಲಿದರೂ ಗುಣ ಕಾಣಲಿಲ್ಲ. ಮನೆಯಲ್ಲಿ ಬಟ್ಟೆ ಹಿಂಡಿ ಹಿಂಡಿ ಹೀಗಾಗಿದೆ ಎಂದು ಕಂಪನಿಯ ವೈದ್ಯ ತೀರ್ಪು ಕೊಟ್ಟ. ಊರಿನ ಅಷ್ಟೂ ಹೆಂಗಸರು ಬಟ್ಟೆ ಹಿಂಡುತ್ತಾರೆ; ಮರಗಟ್ಟಿದ ಕೈಗಳು ಮಾತ್ರ ಒಂದೇ ಗೇಟಿನಿಂದ ಹೊರಗೆ ಬರುತ್ತವೆ. ಯಾಕೆ ಎಂದು ಕೇಳಿದವಳಿಗೆ ಮರುವರ್ಷ ಆ ಗೇಟು ತೆರೆಯುವುದಿಲ್ಲ.

ಕಂಪನಿಯ ಸುಗ್ಗಿ ಮುಗಿದ ಭಾನುವಾರ ನಾವು ಹೆಂಗಸರು ಸೈಕಲ್ಲು ತುಳಿದು ಪಾರಮೋಗೆ ಹೋಗುತ್ತೇವೆ. ಮರ ಬೆಳೆಯದ, ಮಂಜೇ ಬೆಳೆಯುವ ಆ ಎತ್ತರದಲ್ಲಿ ಕನ್ಯಾಮಾತೆಯ ಒಂದು ಪುಟ್ಟ ಗುಡಿ ಇದೆ. ಅಲ್ಲಿಗೆ ಗುಲಾಬಿ ಒಯ್ಯಬಾರದು, ಅದೊಂದೇ ನಮ್ಮ ಕಟ್ಟಳೆ. ಬಿಸಿ ಬೆಲ್ಲದ ನೀರಿಗೆ ಚೀಸಿನ ತುಂಡು ಅದ್ದಿ ತಿಂದು, ಕಿರುಚುತ್ತ ಇಳಿಯುತ್ತೇವೆ. ವರ್ಷಕ್ಕೊಮ್ಮೆ, ಈ ದೇಹ ನಮ್ಮದು ಎಂದು ಗಾಳಿಗಾದರೂ ಹೇಳಬೇಕಲ್ಲ. ಹೋದ ವರ್ಷ ಎದಿಲ್ಮಾ ಎಲ್ಲರಿಗಿಂತ ಮೊದಲು ಹತ್ತಿದ್ದಳು. ಇಳಿಯುವಾಗ ಮೊದಲ ತಿರುವಿನಲ್ಲೇ ಬ್ರೇಕ್ ಅದುಮಲಾರದೆ ಹುಲ್ಲಿಗೆ ನುಗ್ಗಿದಳು. ಹಾಲಿನ ಲಾರಿಯಲ್ಲಿ, ಕ್ಯಾನುಗಳ ನಡುವೆ ಸೈಕಲ್ಲನ್ನು ತಬ್ಬಿಕೊಂಡು, ಊರಿಗೆ ಬೆನ್ನು ಹಾಕಿ ಕೂತು ಬಂದಳು. ಈ ವರ್ಷ ತಾನಾಗಿ ಇಳಿಯಬೇಕು, ಆಗದಿದ್ದರೆ ಸೈಕಲ್ಲನ್ನು ಗೋಡೆಗೆ ನೇತುಹಾಕುತ್ತೇನೆ ಎಂದು ನನಗೆ ಹೇಳಿದ್ದಳು.

ದೋನ್ ಎವೆಲಿಯೊ ಅವರ ಅಂಗಡಿ ಸಂತೆಕಟ್ಟೆಯ ಹಿಂದೆ. ಆ ಸೈಕಲ್ಲಿನ ಉಕ್ಕಿನ ಫ್ರೇಮನ್ನು ಅವಳ ಹರೆಯದಲ್ಲಿ ತಮ್ಮ ಕೈಯಾರೆ ಬೆಸೆದು ಕೊಟ್ಟವರು ಅವರೇ. ಗೇರು, ಬ್ರೇಕು, ಹ್ಯಾಂಡಲ್ಲು, ಒಂದೂ ಬದಲಾಗಿರಲಿಲ್ಲ. ಹೊಸ ಗೇರು ಹಾಕಿಕೊಡಿ ಎಂದು ಎದಿಲ್ಮಾ ಕೇಳಿದಾಗ ಮುದುಕರ ಮುಖ ಬಾಡಿತು.

"ಇದನ್ನ ಬಿಚ್ಚು ಅಂತೀಯಲ್ಲ ಮಗಳೇ, ನನ್ನ ಹಲ್ಲು ಕೀಳು ಅಂದಂಗಾಯ್ತು."

"ಬಾಯಲ್ಲಿ ಒಂದಾದ್ರೂ ಇದ್ರೆ ತಾನೇ ದೋನ್ ಎವೆಲಿಯೊ, ಕೀಳೋಕೆ?"

ನಕ್ಕರು. ನಕ್ಕ ಮೇಲೆ ಸ್ಪ್ಯಾನರ್ ಎತ್ತಿಕೊಳ್ಳದೆ ವಿಧಿ ಇರಲಿಲ್ಲ.

ಹಳೆಯ ಗೇರಿನ ಕಡ್ಡಿಗಳು ಮೊಣಕಾಲ ಹತ್ತಿರ, ಫ್ರೇಮಿನ ಓರೆ ಕೊಳವೆಯ ಮೇಲೆ ಇರುತ್ತಿದ್ದವು. ಒಂದು ಕೈ ಹ್ಯಾಂಡಲ್ ಬಿಟ್ಟು ಕೆಳಗೆ ಚಾಚಿ, ಕೂದಲೆಳೆಯಷ್ಟು ಸರಿಸಿ, ಚೈನು ಕೂತಿತೋ ಇಲ್ಲವೋ ಎಂದು ಬೆರಳ ತುದಿಯಲ್ಲೇ ಕೇಳಿಸಿಕೊಳ್ಳಬೇಕು. ಎದಿಲ್ಮಾಳ ಬೆರಳುಗಳು ಕಿವುಡಾಗಿದ್ದವು. ಹೊಸ ಕಾಲದ ಗೇರು ಬ್ರೇಕಿನ ಹಿಡಿಯಲ್ಲೇ ಸೇರಿರುತ್ತದೆ. ಅಂಗೈ ಅಂಚಿನಿಂದ ತಳ್ಳಿದರೂ ಟಕ್ಕೆಂದು ಕೂರುತ್ತದೆ. ರಾಜಧಾನಿಯ ಗುಜರಿ ಬೀದಿಯಲ್ಲಿ ಅಂಥದ್ದೊಂದು ಜೊತೆಯನ್ನು ನಾವಿಬ್ಬರೂ ಹುಡುಕಿ ತಂದಿದ್ದೆವು.

ಎಲ್ಲವನ್ನೂ ಕಳಚಿ ಫ್ರೇಮನ್ನು ಬಾಗಿಲ ಬೆಳಕಿಗೆ ತೂಗುಹಾಕಿದಾಗ ನಾವಿಬ್ಬರೂ ಹತ್ತಿರ ಸರಿದೆವು. ಬಣ್ಣ ಎದ್ದುಹೋದ ಸಂದುಗಳಲ್ಲಿ, ಕೊಳವೆಯೂ ಕೊಳವೆಯೂ ಕೂಡುವ ಕಡೆ, ಕಾದ ಹಿತ್ತಾಳೆ ಹರಿದು ನಿಂತ ಗೆರೆ ಹೊಳೆಯುತ್ತಿತ್ತು. ಮದುವಣಗಿತ್ತಿಯ ಉಂಗುರದಷ್ಟು ಸಣ್ಣ ಗೆರೆ. ಮೂವತ್ತು ವರ್ಷ ಕಲ್ಲುದಾರಿ, ಮಳೆ, ಒಬ್ಬ ಹೆಂಗಸಿನ ಇಡೀ ತೂಕ, ಎಲ್ಲವನ್ನೂ ಆ ಗೆರೆ ಹಿಡಿದು ನಿಂತಿತ್ತು. ಫ್ರೇಮನ್ನು ಎರಡು ಬೆರಳಲ್ಲಿ ಎತ್ತಿ ನೋಡಿದೆ. ಅದರ ಹಗುರಕ್ಕೆ ಮೈ ನವಿರೆದ್ದಿತು. ಇಂಥದ್ದನ್ನು ಮಾಡಬಲ್ಲ ಕೈಗಳಿರುವ ಊರಿನಲ್ಲಿ ನಮ್ಮ ಕೈಗಳಿಗೆ ಕತ್ತರಿಯ ಹೊರತು ಬೇರೇನನ್ನೂ ಯಾಕೆ ಕೊಡಲಿಲ್ಲ ಎಂದು ಆಗ ಹೊಟ್ಟೆ ಉರಿಯಿತು, ಈಗಲೂ ಉರಿಯುತ್ತದೆ.

ಹೊಸ ಗೇರಿಗೆ ಬೇಕಾದ ಹಿಂಚಕ್ರ ಹಳೆಯದಕ್ಕಿಂತ ಅಕ್ಕಿಕಾಳಿನಷ್ಟು ಅಗಲ ಹೆಚ್ಚು. ಅದು ಕೂರಬೇಕಾದರೆ ಫ್ರೇಮಿನ ಹಿಂದಿನ ಕವಲನ್ನೇ ಹಿಗ್ಗಿಸಬೇಕು. ಬೆಂಕಿ ಮುಟ್ಟಿಸುವಂತಿಲ್ಲ, ಮುಟ್ಟಿಸಿದರೆ ಉಕ್ಕು ಹದ ಕಳೆದುಕೊಳ್ಳುತ್ತದೆ. ದೋನ್ ಎವೆಲಿಯೊ ಕವಲಿನ ನಡುವೆ ಮರದ ಹಲಗೆ ತೂರಿಸಿ, ಕಣ್ಣು ಮುಚ್ಚಿ, ಭಾರ ಹಾಕಿದರು. ಉಕ್ಕು ಒಮ್ಮೆ ನರಳಿ, ಮತ್ತೆ ತನ್ನ ಜಾಗಕ್ಕೇ ಮರಳಿತು. ಇನ್ನಷ್ಟು ಭಾರ. ಮತ್ತೆ ಮರಳಿತು. ಒಂದು ಸಲ ಮಾತ್ರ, ಅದು ಯಾವ ಸಲವೆಂದು ನನಗೆ ತಿಳಿಯಲಿಲ್ಲ, ಅವರು ಕಣ್ಣು ತೆರೆದು "ಒಪ್ಕೊಂಡ್ತು" ಎಂದರು. ತಾವು ಬೆಸೆದದ್ದನ್ನು ತಾವೇ ಬಗ್ಗಿಸುತ್ತಿದ್ದ ಮುದುಕರ ಮೀಸೆ ನಡುಗುತ್ತಿತ್ತು. ಕವಲು ಎರಡೂ ಕಡೆ ಸಮ ಇದೆಯೇ ಎಂದು ಮುಂದಿನ ಕೊಳವೆಗೆ ಹಾಕಿದ ದಾರವನ್ನು ಹಿಂದಕ್ಕೆ ಎಳೆದು ನೋಡಿದರು. ಕೂದಲಷ್ಟೂ ಓರೆ ಇರಲಿಲ್ಲ.

ಇನ್ನು ಊರಿನವರ ಸಲಹೆ. ರೊಟ್ಟಿ ಅಂಗಡಿಯವನು, ಪಾದ್ರಿಯ ಅಡುಗೆಯವಳು, ದಾರಿಹೋಕರು, ಎಲ್ಲರೂ ಹಣಕಿ ನೋಡಿದರು, ಎಲ್ಲರ ಮಾತೂ ಏರಿನ ಮೇಲೆಯೇ. ಹಿಂದಿನ ದೊಡ್ಡ ಹಲ್ಲುಚಕ್ರ ನೋಡಿ, ಇದರಲ್ಲಿ ಗಬ್ಬದ ಹಸುವೂ ಪಾರಮೋ ಹತ್ತುತ್ತದೆ ಎಂದು ಒಬ್ಬ ಹೇಳಿದ. ದೋನ್ ಎವೆಲಿಯೊ ಹೆಮ್ಮೆಯಿಂದ ಕೇಳಿಸಿಕೊಂಡರು. ಚಕ್ರ ಹಿಡಿಯುವ ಹಳೆಯ ಬ್ರೇಕುಗಳನ್ನು ಮಾತ್ರ ಅವರು ಬದಲಿಸಿರಲಿಲ್ಲ. ಎದಿಲ್ಮಾ ಏರಿನ ರಾಣಿಯಾದ ವರ್ಷ ಹಾಕಿದ್ದವು ಅವು. ಬೂದಿ ಹಚ್ಚಿ, ಬೆಳ್ಳಿಯಂತೆ ಉಜ್ಜಿ, ಮತ್ತೆ ಕೂರಿಸಿದ್ದರು.

ಎದಿಲ್ಮಾ ಚರ್ಚಿನ ಓಣಿಯ ಇಳಿಜಾರಿನಲ್ಲಿ ಓಡಿಸಿ ನೋಡಿದಳು. ಗೇರು ಟಕ್ ಟಕ್ ಎಂದು ಬಿದ್ದವು. ಓಣಿಯ ಕೊನೆಗೆ ಬಂದಾಗ ಹತ್ತೂ ಬೆರಳು ಬ್ರೇಕಿನ ಮೇಲಿದ್ದುದನ್ನು ನಾನು ಕಂಡೆ. ಸೈಕಲ್ಲು ನಿಲ್ಲಲಿಲ್ಲ. ಆಲೂಗಡ್ಡೆ ಮೂಟೆಗಳ ರಾಶಿಗೆ ಹೋಗಿ ಗುದ್ದಿತು.

ಮಂಡಿ ತರಚಿತ್ತು. ಅವಳು ಎದ್ದು ಮಣ್ಣು ಕೊಡವಿಕೊಳ್ಳಲೂ ಇಲ್ಲ.

"ದೋನ್ ಎವೆಲಿಯೊ, ಹತ್ತೋಕೆ ನಂಗೆ ಕಾಲಿದೆ. ಕಾಲನ್ನ ಕಂಪನಿ ಕೇಳ್ಲಿಲ್ಲ. ಇಳಿಯೋದು ಕೈ. ಕೈ ಅವ್ರು ಇಟ್ಕೊಂಡ್ಬಿಟ್ರು."

ಮುದುಕರು ಅವಳ ಮಣಿಕಟ್ಟನ್ನು ತಿರುಗಿಸಿ ಹೊಲಿಗೆಯ ಗುರುತು ನೋಡಿದರು. ಎರಡು ಕೀಲಿನ ಹೊಸ ಬ್ರೇಕು ಅವರ ಅಂಗಡಿಯಲ್ಲೇ ಇತ್ತು. ಅರ್ಧ ಬಲದಲ್ಲಿ ಅದುಮಿದರೂ ಅದು ಗಟ್ಟಿ ಹಿಡಿಯುತ್ತದೆ. ಆದರೆ ಅದನ್ನು ಕೂರಿಸಲು ಮುಂಚಕ್ರ ಹಿಡಿಯುವ ಫೋರ್ಕಿನ ಹಿಂಬದಿಯ ತೂತನ್ನು ಕೊರೆದು ಅಗಲ ಮಾಡಬೇಕು. ಒಮ್ಮೆ ಕೊರೆದ ಉಕ್ಕು ಮತ್ತೆ ತುಂಬಿಕೊಳ್ಳುವುದಿಲ್ಲ, ಹಳೆಯ ಸೈಕಲ್ಲು ಇನ್ನೆಂದೂ ಮೊದಲಿನಂತಾಗುವುದಿಲ್ಲ.

"ಹತ್ತೋರ ಊರಲ್ಲಿ ಹುಟ್ಟಿ ನಂಗೂ ಕಣ್ಣು ಮೇಲಕ್ಕೇ ನೆಟ್ಟಿತ್ತು ಮಗಳೇ" ಎಂದರು. ಆಮೇಲೆ ಡ್ರಿಲ್ಲು ಹಿಡಿದರು.

ಆ ಭಾನುವಾರ ಮಂಜು ಬೆಳಗಿನಿಂದಲೇ ಕೆಳಗಿಳಿದಿತ್ತು. ಏರಿನ ಬಗ್ಗೆ ಹೇಳುವುದೇನೂ ಇಲ್ಲ, ಎದಿಲ್ಮಾ ಹತ್ತಿದಳು. ಮೇಲೆ, ಉಣ್ಣೆಯಂಥ ಎಲೆ ಹೊದ್ದ ಫ್ರೈಲೆಹೋನ್ ಗಿಡಗಳು ಮಂಜಿನಲ್ಲಿ ಮುದುಕಿಯರಂತೆ ನಮ್ಮನ್ನು ಸುತ್ತುವರಿದು ನಿಂತಿದ್ದವು. ಬೆಲ್ಲದ ನೀರಿನ ಲೋಟವನ್ನು ಅವಳು ಎರಡು ಮಣಿಕಟ್ಟುಗಳ ನಡುವೆ ಹಿಡಿದು ಕುಡಿದಳು. ಉಳಿದವರೆಲ್ಲ ಕಿರುಚುತ್ತ ಇಳಿದರು. ನಾವಿಬ್ಬರು ಉಳಿದೆವು.

"ಹೆದ್ರಿಕೆ ಆಗ್ತಿದೆ ಕಣೇ ನೊಎಮಿ."

"ನಿನ್ನ ಹಿಂದೇನೇ ಇರ್ತೀನಿ, ಬಿದ್ರೆ ನಿನ್ನ ಮೇಲೇ ಬೀಳ್ತೀನಿ."

"ಹಂಗಾದ್ರೆ ಬೀಳಲ್ಲ ಬಿಡು, ನಿನ್ನ ಭಾರ ತಡೆಯೋರ್ಯಾರು."

ಹೊರಟಳು. ಹೋದ ವರ್ಷದ ತಿರುವು ಮಂಜಿನೊಳಗಿಂದ ಮೇಲೆದ್ದು ಬಂತು. ಅವಳು ಒಂದೊಂದೇ ಬೆರಳನ್ನು ಬ್ರೇಕಿನ ಹಿಡಿಯ ಮೇಲೆ ಮಡಿಸಿದ್ದು ನನಗೆ ಕಾಣುತ್ತಿತ್ತು. ತಿರುವಿನ ನಟ್ಟನಡುವೆ, ನೀರು ಕೂಡ ನಿಲ್ಲದ ಆ ಕಡಿದಾದ ಜಾಗದಲ್ಲಿ, ಎದಿಲ್ಮಾ ನಿಂತುಬಿಟ್ಟಳು. ಬೇಕೆಂದೇ. ಒಂದು ಪಾದ ನೆಲಕ್ಕಿಟ್ಟು ಹಿಂತಿರುಗಿ ನೋಡಿದಳು. ಅವಳ ಮುಖ ನೋಡಿ ನಾನು ತಲೆಯ ಉಣ್ಣೆ ಟೋಪಿ ತೆಗೆದೆ, ಗುಡಿಯೊಳಗೂ ತೆಗೆದಿರಲಿಲ್ಲ.

ಹಿಂದಿನಿಂದ ಹಾಲಿನ ಲಾರಿ ಬಂತು. ಹೋದ ವರ್ಷದ ಅದೇ ಡ್ರೈವರ್ ಕಿಟಕಿಯಿಂದ ತಲೆ ಹಾಕಿ, ಕ್ಯಾನುಗಳ ನಡುವೆ ನಿಮ್ಮ ಜಾಗ ಹಂಗೇ ಇದೆ ಅಕ್ಕಾ ಎಂದ.

"ಹಾಲು ಒಡೆದೀತು, ನಿಧಾನಕ್ಕೆ ಹೋಗಪ್ಪ" ಎಂದಳು ಎದಿಲ್ಮಾ. ಅವನು ಎರಡು ತಿರುವು ದಾಟುವವರೆಗೆ ಕಾದಳು. ಆಮೇಲೆ ಬ್ರೇಕು ಬಿಟ್ಟಳು. ನಾನು ಹಿಂದುಳಿದೆ. ಕೆಳಗೆ, ಹರಿದ ಮಂಜಿನ ನಡುವೆ, ರಸ್ತೆಯ ಒಂದೊಂದು ಮಡಿಕೆಯಲ್ಲೂ ಅವಳು ಕಾಣಿಸಿಕೊಂಡು ಮಾಯವಾಗುತ್ತಿದ್ದಳು. ತಿರುವಿಗೆ ಮುಂಚೆ ಹಿಡಿತ, ತಿರುವಿನಲ್ಲಿ ಬಿಡುಗಡೆ. ಉಸಿರು ಎಳೆದು ಬಿಟ್ಟಂತೆ. ಕೊನೆಯ ಮಡಿಕೆಯಲ್ಲಿ ಅವಳು ಲಾರಿಯನ್ನು ದಾಟಿ ಹೋದದ್ದನ್ನು ನನ್ನ ಕಣ್ಣಾರೆ ಕಂಡಿದ್ದೇನೆ.

ನಾನು ಊರು ತಲುಪಿದಾಗ ದೋನ್ ಎವೆಲಿಯೊ ಅಂಗಡಿಯ ಮುಂದೆ ಕುಕ್ಕರುಗಾಲಲ್ಲಿ ಕೂತು ಎದಿಲ್ಮಾಳ ಮುಂಚಕ್ರದ, ದಾರಿಯುದ್ದಕ್ಕೂ ಬ್ರೇಕು ಉಜ್ಜಿದ ರಿಮ್ಮಿನ ಮೇಲೆ ಅಂಗೈ ಇಟ್ಟಿದ್ದರು.

"ಇನ್ನೂ ಬಿಸಿ ಇದೆ" ಎಂದರು ಮೆಲ್ಲಗೆ. "ಮುಟ್ಟಿ ನೋಡು ಮಗಳೇ. ನಿನ್ನ ಕೈ ಮಾಡಿದ್ ಬಿಸಿ."

ಎದಿಲ್ಮಾ ಬೆರಳು ಇಟ್ಟಳು. ಏನೂ ತಿಳಿಯಲಿಲ್ಲ ಎಂಬುದು ಅವಳ ಮುಖದಲ್ಲೇ ಕಂಡಿತು. ಕೈ ತೆಗೆದು, ನೆಲಕ್ಕೆ ಮಂಡಿಯೂರಿ, ಬಾಗಿ, ತನ್ನ ಕೆನ್ನೆಯನ್ನು ಆ ರಿಮ್ಮಿಗೆ ಒತ್ತಿದಳು. ಬಿಸಿ ಆರುವವರೆಗೂ ಎತ್ತಲಿಲ್ಲ.