ಏಳನೆಯ ನವಿಲಿನ ಕುತ್ತಿಗೆ

ಅರವತ್ತಾರು ವರ್ಷದಲ್ಲಿ ನವಲಗುಂದದ ಕಾಲೇಜಿನ ಕಂಪೌಂಡಿನ ಬಾಜೂಕ ಅಮೀರಬಿ ಎಷ್ಟು ಸಲ ಹಾದುಹೋಗಿದ್ದಳೋ, ಒಳಗೆ ಕಾಲಿಡುವ ಕೆಲಸ ಮಾತ್ರ ಎಂದೂ ಬಿದ್ದಿರಲಿಲ್ಲ. ಅಂದು ಮಧ್ಯಾಹ್ನ ಕಂಕುಳಲ್ಲಿ ಜಮಖಾನೆಯ ಒಂದು ಸುರುಳಿ ಅವಚಿಕೊಂಡು, ಚಪ್ಪಲಿ ಹೊರಗೆ ಬಿಟ್ಟು, ಕಂಪ್ಯೂಟರ್ ಖೋಲಿಯ ಬಾಗಿಲಲ್ಲಿ ನಿಂತಳು.

"ಚಪ್ಪಲಿ ಹಾಕ್ಕೊಂಡ ಬರ್ರಿ ಅಮೀರಮ್ಮ, ಇದೇನ ದರ್ಗಾ ಅಲ್ಲ," ಎಂದು ನಕ್ಕಳು ಸೌಂದರ್ಯಾ. ಆ ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುವ ಹುಡುಗಿ, ದಿನಾ ಮೊರಬದಿಂದ ಬಂದು ಹೋಗುವಾಕೆ.

"ಮಶಿನ್ನಿಗೆ ಧೂಳ ಆಗಿಬರೂದಿಲ್ಲ ಅಂತಾರಲ್ಲ ಬೇ."

"ಮೊರಬದ ಬಸ್ಸಿನಾಗ ನಾ ತಿಂದಷ್ಟು ಧೂಳ ಇದು ಎಲ್ಲೆ ತಿಂದೈತ್ರಿ? ಬರ್ರಿ, ಕೂಡ್ರಿ."

ಬಂದ ಕೆಲಸ ಇದು. ಜಮಖಾನೆ ನೇಯುವ ಹೆಂಗಸರ ಸಂಘವೊಂದಿದೆ. ಅಮೀರಬಿಯ ಒಂಬತ್ತು ನವಿಲಿನ ನಮೂನೆಯನ್ನು ಆಕೆಯ ಮನೆತನದ ಹೆಸರಿಗೆ ಸರಕಾರದಲ್ಲಿ ಬರೆಸಬೇಕೆಂದು ಸಂಘ ಹೊರಟಿತ್ತು. ನಮೂನೆ ಮೊದಲು ಯಾರದು ಎಂಬುದಕ್ಕೆ ತಾರೀಖಿರುವ ಪುರಾವೆ ಬೇಕಂತೆ. ಬಹಳ ವರ್ಷದ ಹಿಂದೆ ಸಂಘದವರು ಆ ಜಮಖಾನೆಯ ಫೋಟೋವನ್ನು ಒಂದು ಪ್ರದರ್ಶನಕ್ಕೆ ಮೇಲ್ ಮಾಡಿದ್ದರು. ಆ ಮೇಲ್ ಇದ್ದ ಕಂಪ್ಯೂಟರ್ ಸತ್ತು ಮೂರು ವರ್ಷವಾಗಿತ್ತು. ಕಾರ್ಯದರ್ಶಿ ರೇವವ್ವ, "ಆ ಡಬ್ಬಿಯೊಳಗ ಇನ್ನೇನೂ ಉಳಿದಿಲ್ಲ, ಬೇಕಾದ್ರ ತಗೊಂಡ ಹೋಗ್ರಿ," ಎಂದು ಕೊಟ್ಟುಬಿಟ್ಟಿದ್ದಳು. ಸೌಂದರ್ಯಾ ಅದರ ಹೊಟ್ಟೆಯೊಳಗಿನ ಡಿಸ್ಕು ಬಿಚ್ಚಿ ತನ್ನ ಮಶಿನ್ನಿಗೆ ಜೋಡಿಸಿದ್ದಳು.

ಅಮೀರಬಿಗೆ ಪುರಾವೆಯಷ್ಟೇ ಬೇಕಾಗಿರಲಿಲ್ಲ. ಅದೇ ನವಿಲುಗಳ ಸಲುವಾಗಿ ಆಕೆ ಹೆತ್ತ ಮಗಳ ಹೊಸ್ತಿಲು ತುಳಿಯದೆ ಏಳು ವರ್ಷವಾಗಿತ್ತು. ನವಿಲು ನಮ್ಮವೇ ಎಂದು ಸರಕಾರ ಬರೆದುಕೊಟ್ಟರೆ ಎದೆಯೊಳಗಿನ ಕಲ್ಲು ಸ್ವಲ್ಪ ಹಗುರಾದೀತೇನೋ ಎಂಬ ಆಸೆ.

ಒಂಬತ್ತು ನವಿಲು ಆಕೆಯ ಅತ್ತೆಯ ಮನೆಯ ಆಸ್ತಿ. ನಡುವೆ ಪಗಡೆಯಾಟದ ಹಾಸು, ಸುತ್ತ ನವಿಲುಗಳು. ಅದರ ಲೆಕ್ಕ ಯಾವ ಕಾಗದದ ಮೇಲೂ ಇರಲಿಲ್ಲ. ಮಗ್ಗದ ಮುಂದೆ ಅತ್ತೆ ಕೂತು, ಕೆಂಪು ಮೂರು, ಬಿಳಿ ಎರಡು, ಹಳದಿ ಐದು ಎಂದು ರಾಗವಾಗಿ ಹೇಳಬೇಕು, ಸೊಸೆ ಕೈ ಆಡಿಸಬೇಕು. ಸೊಸೆಗೆ ಮಾತ್ರ. ಮಗಳಿಗೆ ಕಲಿಸುವಂತಿಲ್ಲ, ಮಗಳು ಲಗ್ನವಾಗಿ ಹೋದರೆ ನವಿಲೂ ಬೆನ್ನು ಹತ್ತಿ ಹೋಗುತ್ತವೆ ಎಂಬ ಅಂಜಿಕೆ. ಏಳನೆಯ ನವಿಲಿನ ಕುತ್ತಿಗೆ ಬಂದಾಗಂತೂ ಅತ್ತೆ ಬಾಯಿಯನ್ನೇ ಮುಚ್ಚುತ್ತಿದ್ದಳು. ಸೊಸೆಯ ಮುಂಗೈ ಮೇಲೆ ಬೆರಳಿನಿಂದ ಎರಡು ಸಲ ಬಡಿಯುತ್ತಿದ್ದಳು. ಅಂದರೆ ಎರಡು ಸಾಲು ಹೆಚ್ಚಿಗೆ ನೇಯಬೇಕು. ಗೋಡೆಯಾಚೆ ಯಾರು ಕಿವಿಗೊಟ್ಟು ಕದ್ದರೂ ಆ ಎರಡು ಸಾಲು ಮಾತ್ರ ಅವರಿಗೆ ಸಿಗುತ್ತಿರಲಿಲ್ಲ.

ಅಮೀರಬಿ ಹಾಗೆಯೇ ಕಲಿತಳು, ತನ್ನ ಸೊಸೆಗೆ ಹಾಗೆಯೇ ಕಲಿಸಿದಳು. ಮಗಳು ಮಾಬೂಬಿ ಮಗ್ಗಕ್ಕೆ ಬೆನ್ನು ಮಾಡಿ ನೂಲು ಸುತ್ತುತ್ತಿದ್ದಳು, ಅಷ್ಟೇ.

ಏಳು ವರ್ಷದ ಹಿಂದೆ ಹುಬ್ಬಳ್ಳಿಯ ಪೇಟೆಯಲ್ಲಿ, ಒಂದು ಅಂಗಡಿಯ ಮುಂದೆ, ಮಶಿನ್ ಮಗ್ಗದ ಜಮಖಾನೆಗಳು ರಾಶಿ ಬಿದ್ದಿದ್ದವು. ಎಲ್ಲದರ ಮೇಲೂ ಒಂಬತ್ತು ನವಿಲು. ಎಲ್ಲದರಲ್ಲೂ ಏಳನೆಯದರ ಕುತ್ತಿಗೆ ಮೋಟು. ಅಮೀರಬಿ ಅಲ್ಲೇ ಬೀದಿಯಲ್ಲಿ ಕುಸಿದು ಕೂತಳು. ಜೊತೆಗಿದ್ದವಳು ರೇವವ್ವ. ಶಾಲೆಯ ಟೀಚರಾಗಿದ್ದು ನಿವೃತ್ತಿಯಾಗಿ, ಸಂಘವನ್ನು ನಡೆಸುತ್ತ, ನೇಯುವ ಹೆಂಗಸರಿಗೆ ರಾತ್ರಿ ಶಾಲೆಯಲ್ಲಿ ಅಕ್ಷರ ಕಲಿಸಿದವಳು. ಅಮೀರಬಿಗೂ ಕೈ ಹಿಡಿದು 'ಅ' ತಿದ್ದಿಸಿದವಳು. ಆಕೆಯೇ ನೀರು ಕುಡಿಸಿ, ಮೆಲ್ಲಗೆ ಕೇಳಿದ್ದಳು:

"ಕುತ್ತಿಗಿ ಯಾಕ ಮೋಟ ಐತಿ ಅಮೀರಾ?"

ಅಮೀರಬಿ ಮುಂಗೈಯ ಗುಟ್ಟು ಹೇಳಿದಳು. ರೇವವ್ವ, "ಹಂಗಾರ ಇದು ಕೈಲೆ ಕಲತವರದ್ದಲ್ಲ, ಕಿವೀಲೆ ಕಲತವರದ್ದು. ನಿಮ್ಮ ಮನ್ಯಾಗ ಕಿವೀಲೆ ಕೇಳಿದಾಕಿ ಯಾರು, ನೀನ ವಿಚಾರ ಮಾಡು," ಅಂದಳು.

ವಿಚಾರ ಮಾಡಿದಳು. ಮರುದಿನವೇ ಅಣ್ಣಿಗೇರಿಯ ಬಸ್ಸು ಹತ್ತಿ ಹೋಗಿ, ಮಗಳ ಗಂಡನ ಮನೆಯ ಅಂಗಳದಲ್ಲಿ ನಿಂತು, ಓಣಿಯೆಲ್ಲ ಕೇಳುವ ಹಾಗೆ ಬೈದು ಬಂದಳು. ಮಾಬೂಬಿ ಕುರಾನಿನ ಮೇಲೆ ಕೈ ಇಡುತ್ತೇನೆಂದಳು. "ಇಡಬ್ಯಾಡ, ಅದರ ಪಾಪಾನೂ ಬೀಳತೈತಿ," ಅಂದು ಬಂದ ತಾಯಿ ಮತ್ತೆ ಆ ಕಡೆ ತಲೆ ಹಾಕಲಿಲ್ಲ.

ಸೌಂದರ್ಯಾ ಪರದೆಯ ಮೇಲೆ ಬೆರಳಿಟ್ಟಳು. "ನೋಡ್ರಿ, ಸಂಘದ ಟಪಾಲೆಲ್ಲಾ ಈ ಒಂದ ಫೈಲಿನಾಗ ಐತಿ. ಪಿ-ಎಸ್-ಟಿ ಅಂತಾರ ಇದಕ್ಕ. ಒಳಗ ಫೋಲ್ಡರು, ಫೋಲ್ಡರಿನಾಗ ಮತ್ತ ಫೋಲ್ಡರು. ಇದನ್ನ ಮಾಡಿದ ಕಂಪನಿ ತನ್ನ ಪ್ರೋಗ್ರಾಮಿಗಷ್ಟ ಇದು ತಿಳಿಯೂ ಹಂಗ ಇಟ್ಟೈತಿ. ಬ್ಯಾರೇದರಾಗ ತಗದ್ರ ಬರೇ ಕಸಾ ಕಾಣತೈತಿ."

"ಮತ್ತ ನೀ ಹೆಂಗ ತಗೀತಿ?"

"ಒಂದು ಲೈಬ್ರರಿ ಐತ್ರಿ."

"ಪುಸ್ತಕಾ ಇಡೂ ಖೋಲಿ?"

"ಅಲ್ರಿ. ಯಾರೋ ಪುಣ್ಯಾತ್ಮರು ಆ ಫೈಲನ್ನ ಬಿಚ್ಚಿ ಬಿಚ್ಚಿ ನೋಡಿ, ಯಾವ ಜಾಗಾದಾಗ ಏನ ಐತಿ ಅನ್ನೂದರ ಲೆಕ್ಕಾ ಹಿಡದು, ಎಲ್ಲಾರಿಗೂ ಬಿಟ್ಟಕೊಟ್ಟಾರ. ನಾ ನಾಕ ಸಾಲ ಬರದು ಆ ಲೆಕ್ಕಾ ಕರದ್ರ ಆತು."

"ಬಿಟ್ಟಕೊಟ್ಟಾರ? ಯಾರಿಗೆ ಬೇಕಾದ್ರೂ?" ಅಮೀರಬಿ ಹುಬ್ಬೇರಿಸಿದಳು. "ಅವರಿಗೆ ಅತ್ತಿ ಇರಲಿಲ್ಲೇನ ಮತ್ತ, ಬೈಯಾಕ?"

ಸೌಂದರ್ಯಾ ನಗುತ್ತ ಗುಂಡಿ ಒತ್ತಿದಳು. ಕರಿ ಪರದೆಯ ಮೇಲೆ ಬಿಳಿ ಸಾಲುಗಳು ಮೇಲಿಂದ ಮೇಲೆ ಓಡಿದವು. ಬಂದ ಪತ್ರದ ಫೋಲ್ಡರು, ಕಳಿಸಿದ ಪತ್ರದ ಫೋಲ್ಡರು, ಪ್ರತಿಯೊಂದಕ್ಕೂ ತಾರೀಖು, ಹೆಸರು, ವಿಷಯ. ಎರಡು ಸಾವಿರ ಚಿಲ್ಲರೆ ಪತ್ರಗಳು. ಹತ್ತು ನಿಮಿಷದಲ್ಲಿ ಬೇಕಾದದ್ದು ಸಿಕ್ಕಿತು. ಹದಿನೈದು ವರ್ಷದ ಹಿಂದಿನ ತಾರೀಖು, ಜೊತೆಗೆ ಒಂಬತ್ತು ನವಿಲಿನ ಫೋಟೋ. ಅಂಚಿನಲ್ಲಿ ಅಮೀರಬಿಯ ಸೀರೆಯ ಸೆರಗೂ ಕಾಣುತ್ತಿತ್ತು.

"ಆತ್ರಿ ಕೆಲಸಾ! ಇನ್ನ ಯಾರೂ ನಿಮ್ಮ ನವಿಲು ತಮ್ಮವು ಅನ್ನಾಕ ಬರೂದಿಲ್ಲ." ಸೌಂದರ್ಯಾ ಸಾಲುಗಳನ್ನು ಕೊನೆಯವರೆಗೂ ಓಡಲು ಬಿಟ್ಟಳು. ಪಟ್ಟಿಯ ಬುಡದಲ್ಲಿ ಹೊಸದೊಂದು ಬಂತು. "ಹೌದಲ್ಲ, ಇವು ಅಳಿಸಿದ ಪತ್ರ. ನಾವು ಅಳಿಸಿದ್ರ ಹೆಸರಷ್ಟ ಹೋಗತೈತ್ರಿ, ಎಷ್ಟೋ ಸಲ ಪತ್ರ ಫೈಲಿನಾಗ ಬಿದ್ದಿರತೈತಿ. ಈ ಲೈಬ್ರರಿ ಅದನ್ನೂ ಹೆಕ್ಕಿ ಕೊಡತೈತಿ. ಅದರಾಗೂ ನಿಮ್ಮ ಫೋಟೋ ಇದ್ದೀತು, ನೋಡೂಣು."

ಮೊದಲು ಕಂಡದ್ದು ಬರೀ ಇಂಗ್ಲಿಷಿನ ಮುರುಕು ಅಕ್ಷರ, ಕೊಂಬು, ಚುಕ್ಕೆ. ಹಳೆಯ ಕನ್ನಡ ಫಾಂಟಿನಲ್ಲಿ ಹೊಡೆದದ್ದು ಹೀಗೆ ಕಾಣುತ್ತದೆಂದು ಸೌಂದರ್ಯಾ ಇನ್ನೊಂದು ಸಾಲು ಬರೆದಳು. ಕಸ ಕನ್ನಡವಾಯಿತು. ಆಕೆ ಎರಡು ಸಾಲು ಓದಿ, ಗಕ್ಕನೆ ಪರದೆಯ ಮೇಲಿನ ಆ ಪತ್ರವನ್ನು ಮುಚ್ಚಲು ಹೋದಳು.

"ಯಾಕ ಬೇ?"

"ಏನಿಲ್ರಿ. ಬ್ಯಾರೇ ಯಾರದೋ."

"ಅಲ್ಲೆ ನನ್ನ ಹೆಸರು ಕಂಡಿತು. ತಗಿ."

"ಬ್ಯಾಡ್ರಿ ಅಮೀರಮ್ಮ."

"ತಗಿ ಅಂದೆ. ನನಗ ಓದಾಕ ಬರತೈತಿ."

ತೆರೆದಳು. ಅಮೀರಬಿ ಕನ್ನಡಕ ಸರಿಮಾಡಿಕೊಂಡು, ರಾತ್ರಿ ಶಾಲೆಯಲ್ಲಿ ಕಲಿತ ಹಾಗೆ ಒಂದೊಂದು ಅಕ್ಷರದ ಕೆಳಗೆ ಬೆರಳಿಟ್ಟು, ತುಟಿ ಆಡಿಸುತ್ತ ಓದಿದಳು. ಮಶಿನ್ ಮಗ್ಗದ ವ್ಯಾಪಾರಿಯೊಬ್ಬನಿಗೆ ರೇವವ್ವ ಬರೆದದ್ದು.

"ಅಮೀರಬಿ ಬರೆದ ಲೆಕ್ಕದ ಹನ್ನೊಂದು ಪುಟಗಳ ಫೋಟೋ ಕಳಿಸಿದ್ದೇನೆ. ನನ್ನ ಮಗ ಪ್ರಭುವಿಗೆ ಹುಬ್ಬಳ್ಳಿಯ ಅಂಗಡಿ ಕೊಡುವ ಮಾತು ತಪ್ಪಬಾರದು. ನನ್ನ ಹೆಸರು ಎಲ್ಲಿಯೂ ಬರಬಾರದು."

ಕೆಳಗೆ ಫೋಟೋ. ಗೆರೆಯ ಹಾಳೆ, ಗೆರೆ ಬಿಟ್ಟು ಮೇಲೇರಿದ ದಪ್ಪ ದಪ್ಪ ಅಕ್ಷರ. ಕೆಂಪು ಮೂರು, ಬಿಳಿ ಎರಡು, ಹಳದಿ ಐದು. ಅಮೀರಬಿಯದೇ ಕೈಬರಹ.

ನೆನಪಾಯಿತು. ರಾತ್ರಿ ಶಾಲೆಯ ಕೊನೆಯ ವಾರ, ನಿಮಗೆ ಬಾಯಿಪಾಠ ಇದ್ದದ್ದು ಏನಾದರೂ ಬರೆಯಿರಿ ಎಂದಿದ್ದಳು ರೇವವ್ವ. ಅಮೀರಬಿಗೆ ಬಾಯಿಪಾಠ ಇದ್ದದ್ದು ಅದೊಂದೇ. ಮಗ್ಗ ಇಟ್ಟವರ ಮುಂದೆ ಬಾಯಿ ಬಿಡಬಾರದೆಂದು ಅತ್ತೆ ಹೇಳಿದ್ದಳು ಹೊರತು, ಮಗ್ಗವನ್ನೇ ಮುಟ್ಟದ ಟೀಚರಮ್ಮನ ಮುಂದೆ ಬಿಡಬಾರದೆಂದಿರಲಿಲ್ಲ. ಬಾಯಲ್ಲಿ ಬಂದದ್ದನ್ನೆಲ್ಲ ಬರೆದಳು. ಮುಂಗೈ ಮೇಲಿನ ಬಡಿತ ಬಾಯಲ್ಲಿ ಬರುವಂಥದಲ್ಲ, ಆ ಎರಡು ಸಾಲು ಹಾಳೆಗೆ ಇಳಿಯಲಿಲ್ಲ. ರೇವವ್ವ ಅವಳನ್ನು ಅಪ್ಪಿಕೊಂಡು ಅತ್ತಿದ್ದಳು. ಧಾರವಾಡದಲ್ಲಿ ತೋರಿಸುತ್ತೇನೆಂದು ನೋಟಬುಕ್ಕು ಒಯ್ದವಳು, ಬಸ್ಸಿನಲ್ಲಿ ಕಳೆಯಿತು ಅಂದಿದ್ದಳು. ಅಕ್ಷರ ಕೊಟ್ಟವಳಿಗೆ ಒಂದು ನೋಟಬುಕ್ಕಿನ ಸಲುವಾಗಿ ಏನನ್ನುವುದೆಂದು ಅಮೀರಬಿ ಅದನ್ನು ಮರೆತೇಬಿಟ್ಟಿದ್ದಳು.

ಇನ್ನೊಂದು ಪತ್ರವಿತ್ತು. ಹುಬ್ಬಳ್ಳಿಯ ಪೇಟೆಯಲ್ಲಿ ನೀರು ಕುಡಿಸಿದ ಮೂರನೆಯ ದಿನದ್ದು.

"ಅಮೀರಬಿ ಜಮಖಾನೆ ನೋಡಿದಳು. ಚಿಂತೆ ಇಲ್ಲ. ಮಗಳ ಮೇಲೆ ಸಂಶಯಪಟ್ಟು ಜಗಳಾಡಿ ಬಂದಿದ್ದಾಳೆ. ಅದು ಹಾಗೆಯೇ ಇರಲಿ. ನಮ್ಮ ಕಡೆ ಯಾರೂ ನೋಡುವುದಿಲ್ಲ."

ಅಮೀರಬಿಯ ಬೆರಳು 'ಹಾಗೆಯೇ ಇರಲಿ' ಎಂಬಲ್ಲಿ ನಿಂತಿತು.

"ಮುಚ್ಚಲೇನ್ರಿ?" ಸೌಂದರ್ಯಾಳ ದನಿ ಸಣ್ಣಗಾಗಿತ್ತು.

"ಎರಡನ್ನೂ ಕಾಗದದ ಮ್ಯಾಲೆ ತಗದು ಕೊಡು."

ಅಮೀರಬಿ ಹೋದಾಗ ರೇವವ್ವ ತನ್ನ ಮನೆಯ ಪಡಸಾಲೆಯಲ್ಲಿ ಗೋಧಿ ಹಸನು ಮಾಡುತ್ತಿದ್ದಳು. "ಬಾ ಅಮೀರಾ, ಸಿಕ್ತೇನು ನಿನ್ನ ಫೋಟೋ? ಚಾ ಇಡ್ತೀನಿ ತಡಿ," ಎಂದು ಏಳಹೋದಳು. ಅಮೀರಬಿ ಎರಡು ಕಾಗದವನ್ನು ಮೊರದೊಳಗೆ, ಗೋಧಿಯ ಮೇಲೆ ಇಟ್ಟಳು.

ರೇವವ್ವ ಓದಿದಳು. ಮುಖದ ಬಣ್ಣ ಇಳಿಯಿತು. ಬಾಯಿಂದ ಮೊದಲು ಬಂದ ಮಾತು, "ಇದನ್ನ ನಾ ಅಳಿಸಿದ್ದೆ," ಎಂಬುದು.

"ಹೌದ? ಅಳಿಸಿದ್ದ ನೆನಪ ಐತಿ ನಿನಗ."

"ಪ್ರಭು ಮನ್ಯಾಗ ಸುಮ್ಮನ ಕುಂತಿದ್ದ ಅಮೀರಾ. ಒಂದು ನಮೂನಿ ಅಲ್ಲೇನು ಅಂದೆ. ಬಟ್ಟಿ ಮ್ಯಾಲಿನ ಚಿತ್ರ. ನಿನಗೇನ ಕಡಿಮಿ ಆಕ್ಕೈತಿ ಅನಿಸ್ತು."

"ನವಿಲು ಒಯ್ದಿ, ಒಯ್ಯಿ. ಪೇಟ್ಯಾಗ ನನಗ ನೀರು ಕುಡಿಸಿದ್ಯಲ್ಲ, ಆವಾಗ ಯಾಕ ಮಗಳ ಕಡೆ ಬಟ್ಟು ಮಾಡಿ ತೋರಿಸಿದಿ?"

"ಹೇಳಿದ್ರ ನೀ ನನ್ನ ಮಾರಿ ನೋಡ್ತಿರಲಿಲ್ಲ."

"ಅದಕ್ಕ ಆಕಿ ಮಾರಿ ನೋಡದಂಗ ಮಾಡಿದಿ. ಏಳು ವರ್ಷ ರೇವಾ. ಹಬ್ಬಕ್ಕೊಮ್ಮೆ ನೀ ನಮ್ಮ ಮನಿಗೆ ಬಂದು ಸುರಕುರಮಾ ಪಾಯಸ ಕುಡದು, ಮಾಬೂಬಿ ಬಂದಿಲ್ಲೇನು ಅಂತ ಕೇಳ್ತಿದ್ದಿ."

ರೇವವ್ವ ಕಣ್ಣೊರೆಸಿಕೊಂಡಳು. "ಸಂಘದವರ ಮುಂದ ಹೇಳ್ತಿಯೇನು?"

ಇಷ್ಟೇ ಆಕೆಗೆ ಬೇಕಾದದ್ದು ಎಂದು ಅಮೀರಬಿಗೆ ಆಗ ತಿಳಿಯಿತು. "ನಾ ಏನೂ ಹೇಳೂದಿಲ್ಲ. ಕಾಗದದಾಗ ನೀನ ಬರದೀದಿ, ಅದ ಹೇಳತೈತಿ. ಓದಾಕ ಕಲಿಸೀದಿ, ಅದೊಂದು ಉಪಕಾರ ಮಾತ್ರ ತಿರುಗಿ ಕೊಡಾಕ ಬರೂದಿಲ್ಲ," ಎಂದು ಮೊರದಿಂದ ಕಾಗದ ಎತ್ತಿ, ಗೋಧಿ ಕಾಳು ಝಾಡಿಸಿ, ಅಣ್ಣಿಗೇರಿಯ ಬಸ್ಸು ಹಿಡಿದಳು.

ಮಾಬೂಬಿ ಬಾಗಿಲಲ್ಲಿ ನಿಂತು ತಾಯಿಯನ್ನು ಒಳಗೆ ಕರೆಯಲಿಲ್ಲ, ಹೊರಗೂ ಕಳಿಸಲಿಲ್ಲ. ಅಮೀರಬಿ ಕಟ್ಟೆಯ ಮೇಲೆ ಕೂತಳು. ಕಾಗದ ಚಾಚಿದಳು. ಮಗಳು ಅಲ್ಲೇ ನಿಂತು ಓದಿ, ನಾಲ್ಕು ಮಡಿಕೆ ಮಾಡಿ ತಿರುಗಿ ಕೊಟ್ಟಳು.

"ಆತಲ್ಲ. ಮಶಿನ್ ಹೇಳಿದ ಮ್ಯಾಲೆ ನಂಬಿದಿ."

"ಆಕಿ ಹಂಗ ಹೇಳಿದಳು ಬೇಟಿ..."

"ಆಕಿ ಹೇಳಿದಳು. ನನ್ನ ನೀ ಕೇಳಿದೇನು? ಬೈದಿ ಅಷ್ಟ."

ಒಳಗಿನಿಂದ ನಾಲ್ಕು ವರ್ಷದ ಹುಡುಗಿಯೊಂದು ಇಣುಕಿ ನೋಡಿತು. ಅಮೀರಬಿ ಆ ಮುಖವನ್ನು ಅದೇ ಮೊದಲ ಸಲ ನೋಡುತ್ತಿದ್ದಳು. ಹುಡುಗಿಯ ಕೈಯಲ್ಲಿ ಎಳೆದುಕೊಂಡು ಬಂದಿದ್ದ ಒಂದು ಸಣ್ಣ ಹಾಸು, ತೊಟ್ಟಿಲಿಗೆ ಹಾಕುವಷ್ಟು ಅಗಲದ್ದು, ಬಳಸಿ ಬಳಸಿ ಬಣ್ಣ ಮಾಸಿದ್ದು. ಅದರ ಮೇಲೆ ನವಿಲು. ಅಮೀರಬಿಯ ಕೈ ತಾನಾಗಿ ಅತ್ತ ಹೋಯಿತು. ಒಂದು, ಎರಡು, ಮೂರು... ಏಳನೆಯದರ ಕುತ್ತಿಗೆಯ ಮೇಲೆ ಬೆರಳು ಆಡಿಸಿದಳು. ಎರಡು ಸಾಲು ಹೆಚ್ಚಿಗೆ ಇದ್ದವು.

"ನೂಲು ಸುತ್ತಾಕ ಬೆನ್ನ ಮಾಡಿ ಕೂಡಿಸಿದ್ದಿ," ಅಂದಳು ಮಾಬೂಬಿ. "ನನ್ನ ಮುಂದ ಗ್ವಾಡಿಗೆ ಕನ್ನಡಿ ಇತ್ತು ಅಮ್ಮೀ. ಭಾಬಿಯ ಮುಂಗೈ ಮ್ಯಾಲೆ ನೀ ಬಡಿಯೂದು ದಿನಾ ಕಾಣ್ತಿತ್ತು. ಒಂದ ಹಾಸು ನೇಯ್ದೆ, ನನ್ನ ಮಗಳಿಗೆ. ಯಾರಿಗೂ ತೋರಸಲಿಲ್ಲ. ಪೇಟ್ಯಾಗ ಮಾರೂದು ನಂದಿದ್ರ ಕುತ್ತಿಗಿ ಉದ್ದ ಇರ್ತಿತ್ತು. ನೀ ಒಂದ ಮಾತ ಕೇಳಿದ್ರ ಆವಾಗ ಹೇಳ್ತಿದ್ದೆ."

ಅಮೀರಬಿಯ ಕೈ ಹಾಸಿನ ಮೇಲೆಯೇ ಇತ್ತು. ಹುಡುಗಿ ಮೆಲ್ಲಗೆ ಅದನ್ನು ತನ್ನ ಕಡೆ ಎಳೆದುಕೊಂಡಿತು.

ಮಾಬೂಬಿ ಒಳಗೆ ಹೋಗಿ ತಂಬಿಗೆಯಲ್ಲಿ ನೀರು ತಂದು ಕಟ್ಟೆಯ ಮೇಲೆ ಇಟ್ಟಳು. "ಐದಕ್ಕ ಬಸ್ ಐತಿ," ಅಂದಳು. ಹೋಗು ಎಂದಳೋ, ಸುಮ್ಮನೆ ಹೊತ್ತು ತಿಳಿಸಿದಳೋ, ದನಿಯಿಂದ ಗೊತ್ತಾಗಲಿಲ್ಲ.

"ಯಾರ ಬೇ ಇವರು?" ಹುಡುಗಿ ತಾಯಿಯ ಸೆರಗು ಜಗ್ಗಿ ಕೇಳಿತು.

"ಜಮಖಾನಿ ನೇಯುವಾಕಿ. ನವಲಗುಂದದಾಕಿ," ಅಂದಳು ಮಾಬೂಬಿ.

ಅಮೀರಬಿ ತಂಬಿಗೆ ಎತ್ತಿ ನೀರು ಕುಡಿದಳು, ಒಂದು ಹನಿ ಬಿಡದೆ. ಐದರ ಬಸ್ಸು ಓಣಿಯ ತುದಿಗೆ ಬಂದು ಹಾರ್ನ್ ಹೊಡೆಯಿತು, ಮತ್ತೊಮ್ಮೆ ಹೊಡೆಯಿತು. ಆಕೆ ಕಟ್ಟೆಯ ಮೇಲಿಂದ ಏಳಲಿಲ್ಲ.