ಸ್ಪ್ಯಾನಿಷ್ ಹುಡುಗಿಯ ಕನ್ನಡ ಸ್ವರ

೧೯೭೯ರ ಡಿಸೆಂಬರಿನಲ್ಲಿ ನಾನು ಹತ್ತನೆಯ ತರಗತಿಯ ಕನ್ನಡ ಪಾಠಕ್ಕೆ ಸ್ಪ್ಯಾನಿಷ್ ಭಾಷೆಯ ಒಂದು ಸಿನೆಮಾ ತಂದೆ. ಅದಕ್ಕಾಗಿ ಹೆಡ್‌ಮಾಸ್ಟರ್ ಸಂಕಪ್ಪನವರ ಕೋಣೆಯ ಬಾಗಿಲಲ್ಲಿ ಏಳು ತಿಂಗಳು ನಿಂತಿದ್ದೆ, ನಾಲ್ಕು ಅರ್ಜಿ ಬರೆದಿದ್ದೆ. ಮಂಗಳೂರಿನ ಬೇರೆ ಯಾವ ಕನ್ನಡ ಪಂಡಿತನೂ ಅಂಥದಕ್ಕೆ ಕೈ ಹಾಕಿದ್ದನ್ನು ನಾನು ಕೇಳಿರಲಿಲ್ಲ.

"ಕನ್ನಡ ಕಲಿಸ್ಲಿಕ್ಕೆ ಕನ್ನಡ ಸಿನೆಮಾ ತೋರಿಸುದನ್ನೇ ನಾನು ಒಪ್ಪುದಿಲ್ಲ. ನೀವು ಯಾವುದೋ ದೇಶದ ಪಡ್ಡೆ ಮಕ್ಕಳ ಮಂಗಾಟ ತರ್ತೇನೆ ಅಂತೀರಲ್ಲ ಪಂಡಿತರೇ?" ಎಂದು ಸಂಕಪ್ಪನವರು ಕೇಳಿದ್ದರು.

ನನ್ನ ವಾದ ಸರಳವಾಗಿತ್ತು. ನಮ್ಮ ಮಕ್ಕಳು ಮನೆಯಲ್ಲಿ ತುಳುವಿನಲ್ಲಿ ಜಗಳವಾಡುತ್ತಾರೆ, ಕೊಂಕಣಿಯಲ್ಲಿ ನಗುತ್ತಾರೆ, ಬ್ಯಾರಿಯಲ್ಲಿ ಬೇಡುತ್ತಾರೆ. ಕನ್ನಡವನ್ನು ಗೈಡಿನಿಂದ ನಕಲು ಮಾಡುತ್ತಾರೆ. ತರಗತಿಯಲ್ಲಿ ಒಬ್ಬರಿಗೂ ತಿಳಿಯದ ಭಾಷೆಯ ಚಿತ್ರವೊಂದನ್ನು ತೋರಿಸಿದರೆ ನಕಲು ಮಾಡಲು ಏನೂ ಇರುವುದಿಲ್ಲ. ಮುಖಗಳನ್ನು ನೋಡಿ ಮಾತನ್ನು ತಾವೇ ಕಟ್ಟಬೇಕು. ವಿಜ್ಞಾನದ ಅಧ್ಯಾಪಕರಾದ ಲ್ಯಾನ್ಸಿ ತಮ್ಮ ಫಿಲ್ಮ್ ಸೊಸೈಟಿಯ ಮೂಲಕ ದೆಹಲಿಯಿಂದ ಒಂದು ರೀಲು ತರಿಸಿಕೊಟ್ಟರು. ಇಪ್ಪತ್ತು ನಿಮಿಷದ ಹಾಸ್ಯಚಿತ್ರ. ಒಂದು ಹೈಸ್ಕೂಲು, ಅದರ ತುಂಟ ಹುಡುಗ ಹುಡುಗಿಯರು. ಚಿತ್ರದ ಧ್ವನಿಯನ್ನು ಮುಚ್ಚಿ, ಮಕ್ಕಳು ಬರೆದ ಕನ್ನಡ ಸಂಭಾಷಣೆಯನ್ನು ಲ್ಯಾನ್ಸಿಯವರ ಟೇಪ್ ರೆಕಾರ್ಡರಿನಲ್ಲಿ ಹಿಡಿದು, ಎರಡನ್ನೂ ಜೊತೆಯಾಗಿ ಓಡಿಸುವುದು ನಮ್ಮ ಯೋಜನೆ.

ಮೂರನೆಯ ದೃಶ್ಯದಲ್ಲಿ ಒಬ್ಬ ಹುಡುಗಿ ತರಗತಿಗೆ ತಡವಾಗಿ ಬರುತ್ತಾಳೆ. ಅಧ್ಯಾಪಕರು ಕಾರಣ ಕೇಳುತ್ತಾರೆ. ಅವಳು ಏನೋ ಹೇಳುತ್ತಾಳೆ, ಇಡೀ ತರಗತಿ ನಗುತ್ತದೆ. ಆ ಹುಡುಗಿಗೆ ಸ್ವರ ಕೊಡಲು ನಾನು ದೇಯಿಯನ್ನು ಆರಿಸಿದೆ. ದೇಯಿ ದೇರೆಬೈಲಿನಿಂದ ಬಸ್ಸಿನಲ್ಲಿ ಬರುತ್ತಿದ್ದವಳು. ವಾರಕ್ಕೆ ಮೂರು ದಿನವಾದರೂ ತಡ.

"ಇಂದೂ ತಡವೇನು ದೇಯಿ?" ಎಂದು ಒಮ್ಮೆ ಗದರಿದ್ದಕ್ಕೆ, "ನಾನು ಬೇಗವೇ ಹೊರಟದ್ದು ಸಾರ್. ದೇರೆಬೈಲೇ ಸ್ವಲ್ಪ ದೂರ ಹೋಗಿತ್ತು" ಎಂದಿದ್ದಳು.

ಅವಳ ಪಾತ್ರಕ್ಕೆ ನಾನೇ ತಿದ್ದಿ ಬರೆದುಕೊಟ್ಟ ವಾಕ್ಯ ಇದು: "ಕ್ಷಮಿಸಿರಿ ಗುರುಗಳೇ, ವಾಹನವು ನನ್ನನ್ನು ಬಿಟ್ಟು ಮುಂದೆ ಸಾಗಿತು." ಶುಕ್ರವಾರ ಟೇಪು ತಿರುಗುತ್ತಿದ್ದಾಗ ದೇಯಿ ಕಾಗದವನ್ನು ಕೆಳಗಿಟ್ಟಳು. ಗೋಡೆಯ ಮೇಲಿನ ಹುಡುಗಿಯ ತುಟಿಯನ್ನೇ ನೋಡುತ್ತ ತನ್ನದೇ ಮಾತನ್ನು ಹೇಳಿದಳು. ನಲವತ್ತು ಮಕ್ಕಳೂ ಒಮ್ಮೆಲೇ ನಕ್ಕರು. ಲ್ಯಾನ್ಸಿ ಪ್ರೊಜೆಕ್ಟರಿನ ಮೇಜನ್ನು ಹಿಡಿದುಕೊಂಡು ಬಾಗಿದರು. ಗೋಡೆಯ ಮೇಲಿನವರ ನಗುವೂ ನಮ್ಮ ತರಗತಿಯ ನಗುವೂ ಒಂದೇ ಗಳಿಗೆಗೆ ಬಿದ್ದವು. ನಾನೂ ನಕ್ಕೆ.

ಆದರೆ ಸೋಮವಾರ ಇಲಾಖೆಯ ಇನ್‌ಸ್ಪೆಕ್ಟರು ಬರುವವರಿದ್ದರು. ಕನ್ನಡ ತರಗತಿಯಿಂದ ಅವರ ಕಿವಿಗೆ ಬಸ್ ಸ್ಟಾಂಡಿನ ಮಾತು ಬೀಳುವುದನ್ನು ನನ್ನಿಂದ ಸಹಿಸಲಾಗಲಿಲ್ಲ. ಶನಿವಾರ ಅಪರಾಹ್ನ ಆಶಾಲತಾ ಎಂಬ ಅಚ್ಚುಕಟ್ಟಾಗಿ ಓದುವ ಹುಡುಗಿಯನ್ನು ಕರೆಸಿ, ಅದೇ ಟೇಪಿನ ಅದೇ ಜಾಗದಲ್ಲಿ, ದೇಯಿಯ ಮಾತಿನ ಮೇಲೆ ನನ್ನ ವಾಕ್ಯವನ್ನು ತುಂಬಿಸಿದೆ. ನಮ್ಮಲ್ಲಿದ್ದದ್ದು ಒಂದೇ ಕ್ಯಾಸೆಟ್ಟು.

ಇನ್‌ಸ್ಪೆಕ್ಟರು ವರದಿಯಲ್ಲಿ "ಶುದ್ಧವೂ ಸಂಸ್ಕಾರಯುತವೂ ಆದ ಭಾಷೆ" ಎಂದು ಬರೆದರು. ಅದರ ಒಂದು ಪ್ರತಿಯನ್ನು ನಾನು ಕೇಳಿ ತೆಗೆದುಕೊಂಡೆ.

ಅವರು ಹೋದ ಬಳಿಕ ದೇಯಿ ಬಂದಳು. "ಸಾರ್, ನನ್ನದು ಎಲ್ಲಿ ಹೋಯ್ತು?"

"ಅದು ಕನ್ನಡವಲ್ಲ, ದೇಯಿ."

ಅವಳು ತನ್ನ ಬೆಂಚಿಗೆ ಹೋಗಿ ಕುಳಿತಳು. ಆಮೇಲೂ ತಡವಾಗಿ ಬರುತ್ತಿದ್ದಳು. ಕಾರಣ ಕೇಳಿದರೆ "ಬಸ್ಸು ಸಾರ್" ಎಂದಷ್ಟೇ ಹೇಳುತ್ತಿದ್ದಳು.

೧೯೮೧ರ ಆಗಸ್ಟಿನಲ್ಲಿ ದೇಯಿಗೆ ಕಾಮಾಲೆಯಾಯಿತು. ಅತ್ತಾವರದ ಆಸ್ಪತ್ರೆಯಲ್ಲಿ ಒಂಬತ್ತು ದಿನ ಇದ್ದು ತೀರಿಕೊಂಡಳು. ಅವಳಿಗೆ ಹದಿನೇಳು ತುಂಬಿತ್ತು. ಉತ್ತರಕ್ರಿಯೆ ಮುಗಿದ ಮೇಲೆ ಅವಳ ತಂದೆ ನೋಣಯ್ಯ ಶಾಲೆಗೆ ಬಂದರು. ಬಂದರಿನ ಗೋದಾಮೊಂದರಲ್ಲಿ ಮೂಟೆ ತೂಗುವ ಕೆಲಸ ಅವರದು. ಸ್ಟಾಫ್ ರೂಮಿನ ಒಳಗೆ ಬರಲು ಒಪ್ಪದೆ ಜಗಲಿಯಲ್ಲೇ ನಿಂತು ಹೇಳಿದರು:

"ಫೋಟೋ ಒಂದು ಉಂಟು ಮಾಸ್ಟ್ರೆ, ಎಸ್ಸೆಸ್ಸೆಲ್ಸಿಗೆ ತೆಗೆದದ್ದು. ಸ್ವರ ಇಲ್ಲ. ಸಿನೆಮಾಕ್ಕೆ ನೀವು ಅವಳ ಸ್ವರ ಟೇಪ್ ಮಾಡಿದ್ದೀರಂತೆ, ಎಷ್ಟೋ ಸಲ ಹೇಳ್ತಿದ್ದಳು. ಅವಳ ಅಮ್ಮನಿಗೆ ಒಮ್ಮೆ ಕೇಳಿಸ್ಬೇಕು. ಅವಳಿಗೆ ಊಟವೇ ಸೇರುದಿಲ್ಲ."

ಅಳಿಸಿದ ಸಂಗತಿಯನ್ನು ದೇಯಿ ಮನೆಯಲ್ಲಿ ಹೇಳಿರಲೇ ಇಲ್ಲ. ನಾನು "ಹುಡುಕಿ ತರುತ್ತೇನೆ" ಎಂದೆ. ಕ್ಯಾಸೆಟ್ಟು ಆಗ ನನ್ನ ಕಪಾಟಿನಲ್ಲಿಯೇ ಇತ್ತು.

ಮುಂದಿನ ಎರಡು ಶನಿವಾರವೂ ನೋಣಯ್ಯ ಬಂದರು. "ಸಿಕ್ಕಿತಾ ಮಾಸ್ಟ್ರೆ?" ಎರಡು ಸಲವೂ ನಾನು ಹುಡುಕುತ್ತಿದ್ದೇನೆ ಎಂದೆ. ಕೊನೆಗೆ ಲ್ಯಾನ್ಸಿಯವರನ್ನು ಕೇಳಿದೆ, ಹೊಸ ಧ್ವನಿಯ ಅಡಿಯಲ್ಲಿ ಹಳೆಯದು ಒಂದಿಷ್ಟಾದರೂ ಉಳಿದಿರಬಹುದೇ ಎಂದು.

"ಅದೆಂತ ಗೋಡೆಯ ಸುಣ್ಣವಾ ಪಂಡಿತರೇ, ಕೆರೆದರೆ ಹಳೇದು ಸಿಗ್ಲಿಕ್ಕೆ?" ಎಂದರು ಲ್ಯಾನ್ಸಿ. ನನ್ನ ಮುಖ ನೋಡಿ ದನಿ ತಗ್ಗಿಸಿದರು. "ಹೋದದ್ದು ಹೋಯಿತು ಮಾರಾಯ್ರೆ. ಹೋಗಿ ಹೇಳಿಬಿಡಿ."

ಬರುತ್ತೇನೆಂದು ಮೊದಲೇ ಹೇಳಿಕಳುಹಿಸಿ, ಆ ಭಾನುವಾರ ಅವರ ಮುಂದೆ ಇಡಲು ಕ್ಯಾಸೆಟ್ಟನ್ನೂ ಹಿಡಿದುಕೊಂಡು ದೇರೆಬೈಲಿಗೆ ಹೋದೆ. ಬಾಗಿಲಲ್ಲಿ ನಿಂತೇ ಎಲ್ಲವನ್ನೂ ಹೇಳಿಬಿಡಬೇಕೆಂದು ವಾಕ್ಯಗಳನ್ನು ಜೋಡಿಸಿಕೊಂಡಿದ್ದೆ. ಆದರೆ ಅವರು ಸಿದ್ಧರಾಗಿದ್ದರು. ನೆರೆಮನೆಯವರು ಗಲ್ಫಿನಿಂದ ತರಿಸಿದ್ದ ಟೇಪ್ ರೆಕಾರ್ಡರನ್ನು ಬೇಡಿ ತಂದು ಸ್ಟೂಲಿನ ಮೇಲೆ ಇಟ್ಟಿದ್ದರು. ದೇಯಿಯ ತಾಯಿ, ಮುದ್ದು ಎಂಬವರು, ಮಿಂದು, ಬೇರೆ ಸೀರೆ ಉಟ್ಟು, ಚಾಪೆಯ ಮೇಲೆ ಕುಳಿತಿದ್ದರು. ದೇಯಿಯ ಎಂಟು ವರ್ಷದ ತಂಗಿ, ಬಾಗಿ ಎಂಬವಳು, ಅವರ ಮಗ್ಗುಲಲ್ಲಿದ್ದಳು. ನಾನು ಬಾಯಿ ತೆರೆಯುವಷ್ಟರಲ್ಲಿ ನೋಣಯ್ಯ ಎರಡೂ ಕೈಯಿಂದ ಕ್ಯಾಸೆಟ್ಟನ್ನು ತೆಗೆದುಕೊಂಡು ಒಳಗೆ ಹಾಕಿದರು.

ಒಂದೊಂದೇ ಸ್ವರ ಬಂತು, ಹೋಯಿತು. ಮೂರನೆಯ ದೃಶ್ಯ ಬಂತು. "ಕ್ಷಮಿಸಿರಿ ಗುರುಗಳೇ..."

"ಇದು ಅಕ್ಕ ಅಲ್ಲ" ಎಂದಳು ಬಾಗಿ.

"ಸುಮ್ಮನಿರು, ಬರ್ತದೆ" ಎಂದರು ಮುದ್ದು.

ಟೇಪು ಮುಗಿಯಿತು. ಗುಂಡಿ ಟಕ್ಕೆಂದು ಮೇಲೆದ್ದಿತು.

"ತಿರುಗಿಸಿ ಹಾಕಿ" ಎಂದರು ಮುದ್ದು, ಗಂಡನಿಗೆ. "ಹಿಂದಿನ ಬದಿಯಲ್ಲಿ ಇರ್ಬೌದು."

ನೋಣಯ್ಯ ತಿರುಗಿಸಿ ಹಾಕಿದರು. ಆ ಬದಿಯಲ್ಲಿ ಏನೂ ಇರಲಿಲ್ಲ. ಬರಿಯ ಸುಂಯ್ ಎಂಬ ಸದ್ದು. ಆ ಸದ್ದಿಗೂ ಮುದ್ದು ತಲೆ ಬಾಗಿಸಿ ಕಿವಿಗೊಟ್ಟಿದ್ದರು. ಅಷ್ಟನ್ನು ನೋಡಿದ ಮೇಲೆ ನನ್ನಿಂದ ತಡೆಯಲಾಗಲಿಲ್ಲ. ಗುಂಡಿಯನ್ನು ಒತ್ತಿ ನಿಲ್ಲಿಸಿ, ನಾನು ಮಾಡಿದ್ದನ್ನು ಹೇಳಿದೆ. ಮೂರು ಸಲ ಸುಳ್ಳು ಹೇಳಿದ್ದನ್ನೂ ಹೇಳಿದೆ.

ನೋಣಯ್ಯ ಕೇಳಿದರು: "ಅವಳು ಹೇಳಿದ್ದು ಒಳ್ಳೆದಿರ್ಲಿಲ್ವಾ ಮಾಸ್ಟ್ರೆ?"

"ಒಳ್ಳೆಯದಿತ್ತು. ಎಲ್ಲರದಕ್ಕಿಂತ ಒಳ್ಳೆಯದಿತ್ತು."

"ಮತ್ತೆ?"

ಮುದ್ದು ಎದ್ದು ಗೋಡೆಯ ಕಡೆಗೆ ಮುಖ ಮಾಡಿ ನಿಂತರು. ಇನ್ನು ಹೊರಡಬೇಕೆಂದು ನಾನು ಕೊಡೆ ಎತ್ತಿಕೊಂಡಾಗ ಬಾಗಿ ಬಾಗಿಲಿಗೆ ಅಡ್ಡ ಬಂದಳು.

"ಅಕ್ಕ ಎಂತ ಹೇಳಿದ್ದು?"

ಇಪ್ಪತ್ತಾರು ವರ್ಷ ಕನ್ನಡ ಕಲಿಸಿದ ನಾನು ಮಕ್ಕಳೆದುರು ಒಂದು ಕ್ರಿಯಾಪದವನ್ನೂ ಬೀದಿಯ ರೂಪದಲ್ಲಿ ನುಡಿದವನಲ್ಲ. ದೇಯಿ ನಿಂತ ರೀತಿ, ಕತ್ತನ್ನು ಓರೆ ಮಾಡಿದ ರೀತಿ, ಎಲ್ಲವೂ ಕಣ್ಣ ಮುಂದಿತ್ತು. ಹೇಳಿದೆ:

"ಎಂತ ಮಾಡುದು ಸಾರ್, ಬಸ್ಸೂ ಬಂತು, ನಾನೂ ಬಂದೆ. ನಾನು ಬಂದದ್ದು ಬಸ್ಸಿಗೆ ಮಾತ್ರ ಗೊತ್ತಾಗ್ಲಿಲ್ಲ ಮಾರಾಯ್ರೆ!"

ಯಾರೂ ನಗಲಿಲ್ಲ. ಗೋಡೆಯ ಕಡೆಗೆ ತಿರುಗಿ ನಿಂತಿದ್ದ ಮುದ್ದು "ಅವಳೇ" ಎಂದರು, "ಅವಳದ್ದೇ ಮಾತು." ಸೆರಗನ್ನು ಬಾಯಿಗೆ ಒತ್ತಿಕೊಂಡು ಮೆಲ್ಲನೆ ಕುಸಿದು ಕುಳಿತರು. ನೋಣಯ್ಯ ನನ್ನ ಕೈಯಿಂದ ಕೊಡೆಯನ್ನು ತೆಗೆದು ಮೂಲೆಗಿಟ್ಟು, ಸ್ಟೂಲಿನಿಂದ ರೆಕಾರ್ಡರನ್ನು ಇಳಿಸಿ, ಆ ಸ್ಟೂಲನ್ನು ನನ್ನ ಕಡೆಗೆ ಸರಿಸಿದರು. ನಾನು ಕುಳಿತೆ.

ಬಾಗಿ ಬಂದು ನನ್ನ ಮೊಣಕಾಲಿಗೆ ತಾಗುವಷ್ಟು ಹತ್ತಿರ ನಿಂತಳು.

"ಮಾರಾಯ್ರೆ ಅನ್ನುದನ್ನು ಅಕ್ಕ ಹಾಗೆ ಹೇಳುದಲ್ಲ ಮಾಸ್ಟ್ರೆ, ಸ್ವಲ್ಪ ಎಳೀಬೇಕು" ಎಂದಳು. "ಇನ್ನೊಮ್ಮೆ ಹೇಳಿ."